ದೋಷದ ನೆನಪು ಯಾರ ಬಳಿ? ಐಸೊಲೇಟೆಡ್ ಗೇಟ್ ಡ್ರೈವರ್ ಚರಿತ್ರೆಯ ಒಂದು ಎಳೆ

ಇನ್ವರ್ಟರಿನ ಗೇಟ್ ಡ್ರೈವರ್‌ಗಳ ಚರಿತ್ರೆ ಬರೆಯುವವರು ಹೆಚ್ಚಾಗಿ ಐಸೊಲೇಶನ್ ಗೋಡೆಯ ಬಗ್ಗೆ ಬರೆಯುತ್ತಾರೆ. ಸಂಕೇತ ಮೊದಲು ಬೆಳಕಾಗಿ ಗೋಡೆ ದಾಟಿತು, ಆಮೇಲೆ ಚಿಪ್ಪಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್‌ಗಳ ಮೂಲಕ ದಾಟಿತು. ಈ ಲೇಖನದ ಪ್ರಶ್ನೆ ಬೇರೆ. ಅನಾಹುತ ಶುರುವಾದಾಗ ಅದನ್ನು ಮೊದಲು ಕಾಣುವವರು ಯಾರು, ಆಫ್ ಮಾಡುವ ಅಧಿಕಾರ ಯಾರದು, ಆದದ್ದನ್ನು ನೆನಪಿಡುವವರು ಯಾರು?

1957ರಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿ ರೂಪುಗೊಂಡ ಥೈರಿಸ್ಟರಿನ ಮಟ್ಟಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಅದರ ಗೇಟು ಆನ್ ಮಾಡಬಲ್ಲದು, ಆಫ್ ಮಾಡಲಾರದು. ಕಮ್ಯುಟೇಶನ್ ಕೈಕೊಟ್ಟು ಒಂದೇ ಲೆಗ್‌ನ ಮೇಲಿನ, ಕೆಳಗಿನ ಥೈರಿಸ್ಟರ್‌ಗಳು ಒಟ್ಟಿಗೆ ಆನ್ ಆದರೆ ಮುಂದಿನದು ಫ್ಯೂಸಿನ ಪಾಲು.

ಬೆಂಗಳೂರಿನಲ್ಲಿ ಬೆಳೆದ ಬಿ. ಜಯಂತ್ ಬಾಳಿಗಾ ಅದೇ ಸಂಸ್ಥೆಯಲ್ಲಿ ದುಡಿದು 1982ರಲ್ಲಿ ಪ್ರಬಂಧವಾಗಿ ಮಂಡಿಸಿದ ಐಜಿಬಿಟಿ ಈ ಸ್ಥಿತಿಯನ್ನು ಬದಲಿಸಿತು. ಆದರೂ ಮೊದಮೊದಲ ಐಜಿಬಿಟಿಗಳಿಗೆ ಒಂದು ಕುತ್ತಿತ್ತು. ಕರೆಂಟು ಮಿತಿಮೀರಿದರೆ ಒಳಗೆ ಅಡಗಿದ್ದ ಥೈರಿಸ್ಟರ್ ರಚನೆ ಲ್ಯಾಚ್ ಆಗಿ, ಗೇಟಿನ ಹಿಡಿತ ತಪ್ಪುತ್ತಿತ್ತು. ತೊಷಿಬಾದಲ್ಲಿ ನಾಕಾಗಾವಾ ಮತ್ತು ಸಂಗಡಿಗರು 1984ರಲ್ಲಿ ಲ್ಯಾಚ್ ಆಗದ ವಿನ್ಯಾಸ ತೋರಿಸಿದರು. ಡ್ರೈವರ್‌ಗಳ ಚರಿತ್ರೆಯಲ್ಲಿ ನಿಜವಾದ ತಿರುವು ಇದೇ ಎಂಬುದು ನನ್ನ ವಾದ. ಶಾರ್ಟ್ ಸರ್ಕ್ಯೂಟಿನಲ್ಲೂ ಐಜಿಬಿಟಿ ತನ್ನ ಕರೆಂಟಿಗೆ ತಾನೇ ಮಿತಿ ಹಾಕಿಕೊಂಡು ಸುಮಾರು 10 ಮೈಕ್ರೊಸೆಕೆಂಡ್ ತಾಳಿಕೊಳ್ಳುವುದು ಸಾಧ್ಯವಾಯಿತು. ಆ ಹತ್ತರೊಳಗೆ ಯಾರಾದರೂ ಗೇಟನ್ನು ಇಳಿಸಬೇಕು. ಸುದ್ದಿ ಗೋಡೆ ದಾಟಿ, ನಿಯಂತ್ರಕದ ಪ್ರೋಗ್ರಾಮ್ ಅದನ್ನು ಓದಿ, ಆಜ್ಞೆ ಮರಳಿ ಬರಲಿ ಎಂದು ಕಾಯುವುದು ಅಪಾಯ. ಹಾಗಾಗಿ ತೀರ್ಮಾನ ಗೋಡೆಯಾಚೆಗಿನ ಡ್ರೈವರಿನ ಕೈಗೇ ಬಂತು.

ಕಾಣುವ ಉಪಾಯ ಸರಳ. ಆನ್ ಆಗಿರುವ ಐಜಿಬಿಟಿಯ ಕಲೆಕ್ಟರ್ ವೋಲ್ಟೇಜು ಎರಡು-ಮೂರು ವೋಲ್ಟಿಗೆ ಇಳಿದಿರಬೇಕು. ಶಾರ್ಟ್ ಆದರೆ ಅದು ಡಿಸಿ ಬಸ್ಸಿನತ್ತ ಏರುತ್ತದೆ. ಇದೇ ಡಿಸ್ಯಾಟ್. ಆದರೆ ಕಂಡ ಮೇಲೆ ಏನು ಮಾಡಬೇಕೆಂಬುದರಲ್ಲಿ ಒಮ್ಮತವಿರಲಿಲ್ಲ. ಮಿತ್ಸುಬಿಷಿಯ ಎಂ57962ಎಲ್ ಎಂಬ ಹೈಬ್ರಿಡ್ ಡ್ರೈವರ್ ಗೇಟನ್ನು ಮೆಲ್ಲಗೆ ಇಳಿಸಿ, ಒಂದೆರಡು ಮಿಲಿಸೆಕೆಂಡ್ ಬೀಗ ಹಾಕಿ, ಇನ್‌ಪುಟ್ ಆಫ್ ಇದ್ದರೆ ತಾನಾಗಿಯೇ ಸಜ್ಜಾಗುತ್ತಿತ್ತು. ನಡೆದದ್ದನ್ನು ಲೆಕ್ಕವಿಡುವ ಹೊಣೆ ನಿಯಂತ್ರಕದ್ದು. ಅದು ಆ ಸುದ್ದಿಯನ್ನು ಕೇಳಿಸಿಕೊಳ್ಳದಿದ್ದರೆ ಅದೇ ಶಾರ್ಟಿನ ಮೇಲೆ ಗೇಟು ಮತ್ತೆ ಮತ್ತೆ ತೆರೆಯುತ್ತದೆ.

2000ದ ಆಸುಪಾಸಿನಲ್ಲಿ ಅಜಿಲೆಂಟ್ ಹೆಸರಿನಲ್ಲಿ ಬಳಕೆಯಲ್ಲಿದ್ದ ಎಚ್‌ಸಿಪಿಎಲ್-316ಜೆ ಆಪ್ಟೋಕಪ್ಲರ್ ಆ ನೆನಪನ್ನು ತನ್ನೊಳಗೇ ಇಟ್ಟುಕೊಂಡಿತು. ಡಿಸ್ಯಾಟ್ ಪಿನ್ 7 ವೋಲ್ಟ್ ದಾಟಿದರೆ ಗೇಟು ನಿಧಾನವಾಗಿ ಇಳಿಯುತ್ತದೆ. ಒಮ್ಮೆಲೇ ಕಡಿದರೆ ವೈರಿಂಗಿನ ಇಂಡಕ್ಟೆನ್ಸಿನಿಂದ ಏಳುವ ವೋಲ್ಟೇಜೇ ಐಜಿಬಿಟಿಯನ್ನು ಕೊಂದೀತು. ಫಾಲ್ಟ್ ಪಿನ್ ಕೆಳಗಿಳಿದು, ರೀಸೆಟ್ ಸಿಗುವ ತನಕ ಹಾಗೆಯೇ ಇರುತ್ತದೆ. ಅದರ ಸ್ಥಿತಿ ಕೋಷ್ಟಕವನ್ನು ನಿಧಾನವಾಗಿ ಓದಬೇಕು. ಐದು ಸಾಲುಗಳಲ್ಲಿ ಔಟ್‌ಪುಟ್ ಮೇಲೇಳುವುದು ಒಂದರಲ್ಲಿ ಮಾತ್ರ: ಎರಡೂ ಇನ್‌ಪುಟ್ ಒಪ್ಪಬೇಕು, ಸಪ್ಲೈ ಸಾಕಷ್ಟಿರಬೇಕು, ಡಿಸ್ಯಾಟ್ ಇರಬಾರದು. ಅನುಮಾನ ಬಂದಲ್ಲೆಲ್ಲ ಆಫ್.

ಆ ಕೋಷ್ಟಕದಲ್ಲಿ ಒಂದು ಮೌನವೂ ಇದೆ. ಡ್ರೈವರಿನ ಸಪ್ಲೈ ಸುಮಾರು 12 ವೋಲ್ಟಿಗಿಂತ ಕುಸಿದರೆ ಔಟ್‌ಪುಟ್ ಇಳಿಯುತ್ತದೆ, ಅರೆಬರೆ ತೆರೆದ ಗೇಟು ಐಜಿಬಿಟಿಯನ್ನು ಬೇಯಿಸದಿರಲಿ ಎಂದು. ಆದರೆ ಫಾಲ್ಟ್ ಪಿನ್ ಈ ಸಂಗತಿಯನ್ನು ಹೇಳುವುದಿಲ್ಲ. ಡ್ರೈವರ್ ಸುಮ್ಮನಿದೆ, ಯಾಕೆಂದು ನಿಯಂತ್ರಕಕ್ಕೆ ಗೊತ್ತಿಲ್ಲ. ಇನ್ಫಿನಿಯಾನಿನ 1ಇಡಿ020ಐ12-ಎಫ್ ಇದನ್ನು ಎರಡು ಪಿನ್ ಕೊಟ್ಟು ಬಗೆಹರಿಸಿತು. ಸಪ್ಲೈ ಸರಿಹೋದರೆ ರೆಡಿ ಪಿನ್ ತಾನೇ ಮೇಲೇಳುತ್ತದೆ. ಶಾರ್ಟಿನ ಫಾಲ್ಟ್ ಮಾತ್ರ ರೀಸೆಟ್ ತನಕ ಅಳಿಯುವುದಿಲ್ಲ. ತಾನಾಗಿ ವಾಸಿಯಾಗುವ ದೋಷ, ವಿಚಾರಣೆ ಬೇಡುವ ದೋಷ ಎಂಬ ಈ ಭೇದ ಪಿನ್‌ಗಳಲ್ಲೇ ಕಾಣಿಸಿತು.

ಸಿಲಿಕಾನ್ ಕಾರ್ಬೈಡ್ ಬಂದ ಮೇಲೆ ಕಾಲದ ಲೆಕ್ಕವೇ ಕುಗ್ಗಿದೆ. ಆನ್ ಆದ ಕ್ಷಣದ ಗದ್ದಲವನ್ನು ಶಾರ್ಟ್ ಎಂದು ಭ್ರಮಿಸದಿರಲು 316ಜೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿರುತ್ತದೆ. 100 ಪಿಕೊಫ್ಯಾರಡ್ ಕೆಪಾಸಿಟರನ್ನು 250 ಮೈಕ್ರೊಆಂಪಿಯರ್ ಕರೆಂಟು 7 ವೋಲ್ಟಿಗೆ ತುಂಬಲು ಬೇಕಾದ 2.8 ಮೈಕ್ರೊಸೆಕೆಂಡ್ ಅದು. ಐಜಿಬಿಟಿಯ ಹತ್ತರೆದುರು ಅದು ಧಾರಾಳವಾದ ಅಳತೆ. ಎರಡು-ಮೂರು ಮೈಕ್ರೊಸೆಕೆಂಡಷ್ಟೇ ತಾಳುವ ಹಲವು ಕಾರ್ಬೈಡ್ ಮಾಸ್‌ಫೆಟ್‌ಗಳು ಡ್ರೈವರ್ ಕಣ್ಣು ತೆರೆಯುವ ಹೊತ್ತಿಗೆ ಸುಟ್ಟುಹೋಗಿರಬಹುದು.