ವಿಜಯೆಯ ಮೇಲಣ ವಿಧಿನಿರ್ಬಂಧ: ಮದರಾಸು ಪ್ರಾಂತದಿಂದ ಇಂದಿನವರೆಗೆ

ವೈದ್ಯಗ್ರಂಥಗಳಲ್ಲಿ ವಿಜಯಾ, ಭಂಗಾ ಎಂದು ಹೆಸರಾದ ಸಸ್ಯವೇ ಜನರ ಮಾತಿನ ಗಾಂಜಾ, ಭಂಗಿ. ವೈದ್ಯನಿಗೆ ಔಷಧವೂ ಬೈರಾಗಿಗೆ ಸೊಪ್ಪೂ ಆದ ಇದು ರಾಜ್ಯಕ್ಕೆ ಏನಾಗಿತ್ತೆಂಬ ಪ್ರಶ್ನೆ ಕನ್ನಡಿಗರಿಗೆ ಹೊರತಾದುದಲ್ಲ. ಬಳ್ಳಾರಿ ೧೯೫೩ರವರೆಗೂ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ೧೯೫೬ರವರೆಗೂ ಮದರಾಸಿನ ಶಾಸನಕ್ಕೇ ಅಧೀನವಾಗಿದ್ದವು.

ಮೊದಲು ಅದು ವರಮಾನದ ಬಾಬು. ೧೮೮೬ರ ಮದರಾಸು ಅಬಕಾರಿ ಶಾಸನವು ಮಾದಕದ್ರವ್ಯಗಳನ್ನು ಮದ್ಯದೊಡನೆ ಒಂದೇ ಲೆಕ್ಕಕ್ಕೆ ಸೇರಿಸಿತು. ೧೮೯೩ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯ ಫಲವಾಗಿ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯ ಆಯೋಗವೊಂದು ನೇಮಕವಾಯಿತು. ಅದು ೧,೧೯೩ ಸಾಕ್ಷಿಗಳನ್ನು ವಿಚಾರಿಸಿ, ಮಿತವಾದ ಬಳಕೆಯಿಂದ ಗಣನೀಯ ಹಾನಿಯಿಲ್ಲ, ಪೂರ್ಣ ನಿಷೇಧ ಅನಗತ್ಯ, ತೆರಿಗೆ ಹಾಗೂ ಪರವಾನಗಿಗಳ ಹತೋಟಿ ಸಾಕು ಎಂದು ೧೮೯೪ರಲ್ಲಿ ವರದಿಯಿತ್ತಿತು. ಸುಂಕ ತೆತ್ತ ಸರಕಿಗೆ ದಾರಿಯುಂಟು, ತೆರದುದಕ್ಕಿಲ್ಲ: ಅಂದಿನ ನ್ಯಾಯ ಇಷ್ಟೆ.

ಲೆಕ್ಕದ ಪುಟ ತಿರುಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ೧೯೨೫ರ ಜಿನೀವಾ ಒಪ್ಪಂದವು ಈ ಸಸ್ಯವನ್ನು ಅಂತರರಾಷ್ಟ್ರೀಯ ಹತೋಟಿಗೆ ತಂದಿತು. ರಾಜಾಜಿಯವರ ಸರ್ಕಾರದ ೧೯೩೭ರ ಪಾನನಿಷೇಧ ಶಾಸನ ಮದ್ಯದ ಜೊತೆಗೆ ಮಾದಕದ್ರವ್ಯಗಳನ್ನೂ ತಡೆಯಿತು. ೧೯೬೧ರ ಏಕೀಕೃತ ಒಪ್ಪಂದಕ್ಕೆ ಅನುಗುಣವಾಗಿ ಭಾರತವು ೧೯೮೫ರ ಮಾದಕದ್ರವ್ಯ ಶಾಸನವನ್ನು ರಚಿಸಿತು. ಅದು ಆ ವರ್ಷದ ನವೆಂಬರ್ ೧೪ರಂದು ಜಾರಿಗೆ ಬಂದಿತು.

ಈ ಶಾಸನದ ೮ನೆಯ ಕಲಮು ಗಾಂಜಾದ ಸ್ವಾಧೀನ, ಸಾಗಣೆ, ಬಳಕೆಗಳನ್ನು ನಿಷೇಧಿಸಿ, ವೈದ್ಯಕೀಯ ಹಾಗೂ ವೈಜ್ಞಾನಿಕ ಉದ್ದೇಶಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಉದ್ದೇಶವೊಂದೇ ಸಾಲದು. ನಿಯಮವು ವಿಧಿಸಿದ ರೀತಿಯೂ, ಅದು ಬೇಡಿದ ಕಡೆ ಪರವಾನಗಿಯೂ ಇರಬೇಕು. ವೈದ್ಯನ ಚೀಟಿ ರಹದಾರಿಯಲ್ಲ. ೧ ಕಿಲೋಗ್ರಾಂಗಿಂತ ಕಡಿಮೆಯಾದುದು ಅಲ್ಪ ಪ್ರಮಾಣ, ಅದಕ್ಕೂ ಶಿಕ್ಷೆಯುಂಟು. ೨೦ ಕಿಲೋಗ್ರಾಂಗಿಂತ ಹೆಚ್ಚಿನದು ವಾಣಿಜ್ಯ ಪ್ರಮಾಣ. ಅದಕ್ಕೆ ಕನಿಷ್ಠ ೧೦ ವರ್ಷದ ಕಠಿಣ ಸಜೆ. ಹೂವಿನ ತುದಿಗಳಿಲ್ಲದ ಎಲೆ ಮತ್ತು ಬೀಜಗಳು ಮಾತ್ರ ಗಾಂಜಾದ ವ್ಯಾಖ್ಯೆಯಿಂದ ಹೊರಗೆ. ಭಂಗಿಯು ಈ ಶಾಸನದ ವ್ಯಾಪ್ತಿಗೆ ಬಾರದೆಂದು ಕರ್ನಾಟಕ ಉಚ್ಚ ನ್ಯಾಯಾಲಯ ೨೦೨೨ರಲ್ಲಿ ಹೇಳಿದ್ದು ಈ ಕಾರಣದಿಂದಲೇ.

ಪರವಾನಗಿಯ ನಿಯಮ ರಚಿಸುವ ಅಧಿಕಾರ ೧೦ನೆಯ ಕಲಮಿನಂತೆ ಆಯಾ ರಾಜ್ಯದ್ದು. ಆದಕಾರಣ ಒಂದೇ ಪ್ರಾಂತವಾಗಿದ್ದ ನೆಲ ೧೯೫೬ರಲ್ಲಿ ಹಂಚಿಹೋದಾಗ, ಮಂಗಳೂರಿಗೂ ಕಾಸರಗೋಡಿಗೂ ನಡುವೆ ಭಾಷೆ ಬದಲಾಗದಿದ್ದರೂ ನಿಯಮದ ಒಡೆಯ ಬದಲಾದನು. ೨೦೨೦ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗವು ಈ ಸಸ್ಯವನ್ನು ಅತಿ ಕಠಿಣ ಪಟ್ಟಿಯಿಂದ ೨೭–೨೫ ಮತಗಳಿಂದ ತೆಗೆದಾಗ ಭಾರತವೂ ಪರವಾಗಿ ಮತವಿತ್ತಿತು. ಔಷಧಗುಣವನ್ನು ಅಲ್ಲಿ ಮನ್ನಿಸಿದ ರಾಜ್ಯ, ರೋಗಿಯ ಕೈಚೀಲವು ಗಡಿ ದಾಟುವಾಗಲೂ ಅದನ್ನು ಮನ್ನಿಸುವ ಸ್ಪಷ್ಟ ವಿಧಿಯನ್ನು ರೂಪಿಸಬೇಕಾದುದು ನ್ಯಾಯ.