ದಾರಿಹೋಕರ ದಂಡ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲ ಎಂದು ನಮ್ಮ ಹಿರಿಯರು ಹೇಳಿದ್ದು ಎತ್ತಿನ ಗಾಡಿಯ ಕಾಲದಲ್ಲಿ. ಆ ಮಾತು ಅಮೆರಿಕದ ಹೆದ್ದಾರಿಗೂ ಸಲ್ಲುತ್ತದೆಂದರೆ ನೀವು ನಗಬಹುದು. ಅಲ್ಲಿ ಕಾರಿನ ಇತಿಹಾಸದ ಜೊತೆಗೇ ಬೆಳೆದ ಇನ್ನೊಂದು ಇತಿಹಾಸವಿದೆ. ಅದಕ್ಕೆ 'ಸ್ಪೀಡ್ ಟ್ರ್ಯಾಪ್' ಎನ್ನುತ್ತಾರೆ, ಅಂದರೆ ವೇಗದ ಬಲೆ.

ಬಲೆ ಹೆಣೆಯುವುದು ಸುಲಭ. ದೊಡ್ಡ ರಸ್ತೆಯೊಂದು ಸಣ್ಣ ಊರನ್ನು ಹಾದುಹೋಗುತ್ತದೆ. ಊರ ಗಡಿಯಲ್ಲಿ ವೇಗದ ಮಿತಿ ಥಟ್ಟನೆ ಇಳಿಯುತ್ತದೆ. ಫಲಕ ಕಣ್ಣಿಗೆ ಬೀಳುವಷ್ಟರಲ್ಲಿ ಪೊಲೀಸರ ಕಾರು ಬೆನ್ನ ಹಿಂದೆ! ಸಿಕ್ಕವರು ಪರರಾಜ್ಯದವರಾದರೆ ಇನ್ನೂ ಅನುಕೂಲ. ಅವರಿಗೆ ಆ ಊರಲ್ಲಿ ಓಟಿಲ್ಲ, ನೆಂಟರಿಲ್ಲ, ವಾದಕ್ಕೆ ನಿಲ್ಲಲು ಪುರುಸೊತ್ತೂ ಇಲ್ಲ. ಮೊದಲೆಲ್ಲ ಪರರಾಜ್ಯದವರು ಸ್ಥಳದಲ್ಲೇ ಹಣ ಕಟ್ಟಬೇಕಾಗುತ್ತಿತ್ತು, ಇಲ್ಲವಾದರೆ ಲಾಕಪ್ಪಿನ ಭಯ. 1977ರ ಅಂತರರಾಜ್ಯ ಒಪ್ಪಂದಕ್ಕೆ ಸೇರಿದ ರಾಜ್ಯಗಳವರು ಚೀಟಿ ಪಡೆದು ಮುಂದೆ ಹೋಗುವಂತಾಯಿತು. ಆದರೆ ಚೀಟಿಯನ್ನು ಕಡೆಗಣಿಸಿದರೆ ಸ್ವಂತ ರಾಜ್ಯದಲ್ಲೇ ಲೈಸೆನ್ಸಿಗೆ ಕುತ್ತು.

ಅಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳಿಗೂ ಒಮ್ಮೆ ಇಂಥ ಚೀಟಿ ಬಂತು. ಕೋರ್ಟಿಗೆ ಹಾಜರಾಗಲು ಮುನ್ನೂರು ಮೈಲಿ ಹಿಂದಕ್ಕೆ ಹೋಗಬೇಕು. ರಜೆ, ಪೆಟ್ರೋಲು, ಮಗುವನ್ನು ನೋಡಿಕೊಳ್ಳುವವರ ಸಂಬಳ ಎಲ್ಲ ಕೂಡಿಸಿದರೆ ದಂಡಕ್ಕಿಂತ ಹೆಚ್ಚು. ಅಂಚೆಯಲ್ಲಿ ಚೆಕ್ಕು ಕಳಿಸಿ ಸುಮ್ಮನಾದಳು. ತಪ್ಪು ನಡೆದಿತ್ತೇ ಎಂಬ ಪ್ರಶ್ನೆ ಏಳಲೇ ಇಲ್ಲ. ಗೃಹಿಣಿಯೊಬ್ಬಳ ಈ ಕೂಡು-ಕಳೆ ಲೆಕ್ಕವೇ ಎಷ್ಟೋ ಊರುಗಳ ಬೊಕ್ಕಸಕ್ಕೆ ಆಧಾರ.

ಜಾರ್ಜಿಯಾದ ಲುಡೊವಿಸಿಯನ್ನು ನೋಡಿ. ಉತ್ತರದಿಂದ ಫ್ಲಾರಿಡಾದ ಬಿಸಿಲು ಕಾಯಿಸಲು ಹೊರಟವರ ದಾರಿಯಲ್ಲಿದ್ದ ಊರು. ಅಲ್ಲಿನ ಸಿಗ್ನಲ್ ದೀಪ ಹಸಿರಿನಿಂದ ಕೆಂಪಿಗೆ ದಿಢೀರನೆ ತಿರುಗುತ್ತದೆಂಬ ಕುಖ್ಯಾತಿ. 1970ರಲ್ಲಿ ಗವರ್ನರ್ ಲೆಸ್ಟರ್ ಮ್ಯಾಡಾಕ್ಸ್ ಪ್ರಯಾಣಿಕರನ್ನು ಎಚ್ಚರಿಸುವ ದೊಡ್ಡ ಫಲಕಗಳನ್ನೇ ಹಾಕಿಸಿದರು. ತನ್ನದೇ ಊರಿನ ವಿರುದ್ಧ ರಾಜ್ಯವೇ ಡಂಗುರ ಸಾರಿದಂತಾಯಿತು.

ರೋಗದ ಬೇರು ಮಾತ್ರ ನ್ಯಾಯಪೀಠದಲ್ಲೇ ಇತ್ತು. ಓಹಾಯೋ ರಾಜ್ಯದಲ್ಲಿ ಊರಿನ ಮೇಯರನೇ ನ್ಯಾಯಾಧೀಶ. 1927ರಲ್ಲಿ ಮದ್ಯದ ಮೊಕದ್ದಮೆಯೊಂದರಲ್ಲಿ, ಶಿಕ್ಷೆ ವಿಧಿಸಿದ್ದಕ್ಕೆ ಮೇಯರನ ಜೇಬಿಗೆ 12 ಡಾಲರ್ ಬಂದದ್ದನ್ನು ಕಂಡು ಸುಪ್ರೀಂ ಕೋರ್ಟು ಇದು ಸಲ್ಲದೆಂದಿತು. ಜೇಬಿನ ದಾರಿ ಮುಚ್ಚಿತು. ಊರ ಖಜಾನೆಯ ದಾರಿ ತೆರೆದೇ ಇತ್ತು. ಅದೇ ರಾಜ್ಯದ ಮನ್ರೋವಿಲ್ ಗ್ರಾಮಕ್ಕೆ 1964ರಲ್ಲಿ ಬಂದ 46,355 ಡಾಲರ್ ಆದಾಯದಲ್ಲಿ 23,589 ಡಾಲರ್ ಮೇಯರ್ ಕೋರ್ಟಿನದೇ! ಎರಡು ಸಂಚಾರಿ ತಪ್ಪುಗಳಿಗೆ 50 ಡಾಲರಿನಂತೆ ದಂಡ ತೆತ್ತ ವಾರ್ಡ್ ಎಂಬಾತ ಪಟ್ಟು ಬಿಡದೆ ಸುಪ್ರೀಂ ಕೋರ್ಟಿನವರೆಗೂ ಹೋದ. ಖಜಾನೆ ತುಂಬಿಸಬೇಕಾದವನು ನಿಷ್ಪಕ್ಷಪಾತಿ ನ್ಯಾಯಾಧೀಶನಾಗಲಾರ ಎಂದು 1972ರಲ್ಲಿ ತೀರ್ಪು ಬಂತು.

ಆದರೂ ಮೇಯರ್ ಕೋರ್ಟುಗಳು ಪೂರ್ತಿ ಹೋಗಲಿಲ್ಲ, ಓಹಾಯೋದಲ್ಲಿ ಇಂದಿಗೂ ಇವೆ. ಅಲ್ಲಿಯೇ ನ್ಯೂ ರೋಮ್ ಎಂಬ, ಸುಮಾರು 60 ಜನರ ಗ್ರಾಮವಿತ್ತು. ಹೆದ್ದಾರಿಯ 45 ಮೈಲಿ ಮಿತಿ ಅಲ್ಲಿ 35ಕ್ಕೆ ಇಳಿಯುತ್ತಿತ್ತು. ಹಿಡಿ ಜನರ ಆ ಊರಿನ ಪೊಲೀಸರ ಹಾವಳಿ ಎಷ್ಟಾಯಿತೆಂದರೆ, 2004ರಲ್ಲಿ ನ್ಯಾಯಾಲಯ ಗ್ರಾಮವನ್ನೇ ವಿಸರ್ಜಿಸಿತು.

ಊರೊಳಗೆ ವೇಗಕ್ಕೆ ಕಡಿವಾಣ ಬೇಕು, ಮಕ್ಕಳು ರಸ್ತೆ ದಾಟುತ್ತಾರೆ. ಆದರೆ ದಂಡದ ಹಣದಿಂದಲೇ ಒಲೆ ಹಚ್ಚುವ ಊರಿಗೆ ಎಲ್ಲರೂ ನಿಧಾನವಾಗಿ ಹೋಗುವ ದಿನವೇ ಉಪವಾಸದ ದಿನ. ಬೇಲಿ ಹೊಲ ಮೇಯುವುದೆಂದರೆ ಇದೇ ಅಲ್ಲವೆ?