ಶಿಶುಸ್ನೇಹಿ ಆಸ್ಪತ್ರೆ: ಹತ್ತು ಹೆಜ್ಜೆಗಳು ಮತ್ತು ತಾಯಿಯ ಭಾಷೆ

ಎದೆಹಾಲುಣಿಸಲು ತಾಯಂದಿರಿಗೆ ಹೆರಿಗೆಯ ಹೊತ್ತಿನಿಂದಲೇ ನೆರವಾಗುವ, ನವಜಾತ ಶಿಶುವನ್ನು ಅಕಾರಣವಾಗಿ ತಾಯಿಯಿಂದ ಅಗಲಿಸದ ಆಸ್ಪತ್ರೆಯೇ ‘ಶಿಶುಸ್ನೇಹಿ ಆಸ್ಪತ್ರೆ’. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಈ ಉಪಕ್ರಮವನ್ನು 1991ರಲ್ಲಿ ಆರಂಭಿಸಿದವು. ಇದಕ್ಕೆ ಆಧಾರವಾದ ಹತ್ತು ಹೆಜ್ಜೆಗಳು 1989ರಲ್ಲಿ ಪ್ರಕಟವಾಗಿ 2018ರಲ್ಲಿ ಪರಿಷ್ಕೃತಗೊಂಡವು. 2002ರಲ್ಲಿ ಕೇರಳವು ಜಗತ್ತಿನ ಮೊದಲ ಶಿಶುಸ್ನೇಹಿ ರಾಜ್ಯವೆಂಬ ಮನ್ನಣೆ ಪಡೆಯಿತು. ಆದರೆ ಇಂತಹ ಮನ್ನಣೆ ಗೋಡೆಗೆ ತೂಗುಹಾಕುವ ಫಲಕವಲ್ಲ. ಪ್ರತಿಯೊಂದು ಹೆರಿಗೆಯಲ್ಲಿಯೂ ಪಾಲಿಸಬೇಕಾದ ಕ್ರಮ.

ಹತ್ತು ಹೆಜ್ಜೆಗಳ ಸಾರ

ಮೊದಲೆರಡು ಹೆಜ್ಜೆಗಳು ಆಡಳಿತಕ್ಕೆ ಸಂಬಂಧಿಸಿವೆ: ಲಿಖಿತ ನೀತಿ ಮತ್ತು ತರಬೇತಿ ಪಡೆದ ಸಿಬ್ಬಂದಿ. ಉಳಿದವು ಆರೈಕೆಯ ಹೆಜ್ಜೆಗಳು:

3. ಗರ್ಭಿಣಿಗೂ ಮನೆಯವರಿಗೂ ಎದೆಹಾಲಿನ ಮಹತ್ವ, ಉಣಿಸುವ ಕ್ರಮ ತಿಳಿಸುವುದು.
4. ಹುಟ್ಟಿದೊಡನೆ ಮಗುವನ್ನು ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಮಲಗಿಸಿ, ಆದಷ್ಟು ಬೇಗ ಹಾಲುಣಿಸಲು ನೆರವಾಗುವುದು.
5. ಹಾಲುಣಿಸುವಾಗ ಎದುರಾಗುವ ತೊಡಕುಗಳನ್ನು ಪರಿಹರಿಸುವುದು.
6. ವೈದ್ಯಕೀಯ ಕಾರಣವಿಲ್ಲದೆ ಬೇರಾವ ಆಹಾರ, ಪಾನೀಯ ಕೊಡದಿರುವುದು.
7. ಹಗಲಿರುಳೂ ತಾಯಿ ಮಗುವನ್ನು ಒಂದೇ ಕೋಣೆಯಲ್ಲಿರಿಸುವುದು.
8. ಹಸಿವಿನ ಸೂಚನೆಗಳನ್ನು ಗುರುತಿಸಲು ಕಲಿಸುವುದು.
9. ಬಾಟಲಿ, ನಿಪ್ಪಲುಗಳ ಅಪಾಯ ತಿಳಿಸುವುದು.
10. ಮನೆಗೆ ಮರಳಿದ ಮೇಲೂ ನೆರವು ಸಿಗುವಂತೆ ಮಾಡುವುದು.

ಏಕೆ ಮುಖ್ಯ?

ಮೊದಲ ದಿನಗಳ ಹಳದಿ ಬಣ್ಣದ ದಪ್ಪ ಹಾಲಿನಲ್ಲಿ ರೋಗನಿರೋಧಕ ಅಂಶಗಳು ಹೇರಳ. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ; ಗರ್ಭಕೋಶ ಸಂಕುಚಿತಗೊಂಡು ರಕ್ತಸ್ರಾವ ತಗ್ಗಲು ನೆರವಾಗುತ್ತದೆ. ಜೇನು, ಸಕ್ಕರೆನೀರು ನೆಕ್ಕಿಸಿದರೆ ಮಗು ಚೀಪುವುದು ಕಡಿಮೆಯಾಗುತ್ತದೆ. ಸೋಂಕಿನ ಭಯವೂ ಉಂಟು.

ಕಾನೂನಿನ ರಕ್ಷಣೆ

1992ರ ಶಿಶು ಹಾಲು ಬದಲಿಗಳ ಕಾಯ್ದೆಯು 2003ರಲ್ಲಿ ತಿದ್ದುಪಡಿಗೊಂಡಿತು. ಎರಡು ವರ್ಷದೊಳಗಿನ ಮಕ್ಕಳ ಹಾಲುಪುಡಿ, ಆಹಾರ ಮತ್ತು ಬಾಟಲಿಗಳ ಜಾಹೀರಾತು, ತಾಯಂದಿರಿಗೆ ಉಚಿತ ಮಾದರಿ ವಿತರಣೆ, ಆಸ್ಪತ್ರೆಗಳಲ್ಲಿ ಪ್ರಚಾರಫಲಕ ಇವೆಲ್ಲವನ್ನೂ ಅದು ನಿಷೇಧಿಸಿದೆ. 2016ರಲ್ಲಿ ಕೇಂದ್ರ ಸರ್ಕಾರ ಸ್ತನ್ಯಪಾನ ಪ್ರೋತ್ಸಾಹಕ್ಕಾಗಿ ‘ಮಾ’ ಕಾರ್ಯಕ್ರಮ ಆರಂಭಿಸಿತು.

ಗಡಿನಾಡಿನ ಪ್ರಶ್ನೆ

ಹತ್ತು ಹೆಜ್ಜೆಗಳಲ್ಲಿ ಬಹುಪಾಲು ಮಾತಿನ ಮೂಲಕವೇ ನಡೆಯುವಂಥವು. ಕಾಸರಗೋಡು, ಮಂಜೇಶ್ವರದ ಕಡೆಯ ಮಲಯಾಳ ಬಾರದ ಚೊಚ್ಚಲ ಬಾಣಂತಿಗೆ ದಾದಿಯ ಸಲಹೆ ಅರ್ಥವಾಗದಿದ್ದರೆ ಅದು ಸಲಹೆಯೇ ಅಲ್ಲ. ಮಗು ಮೊಲೆ ಹಿಡಿಯದ ಆತಂಕವನ್ನು ಅವಳು ತನ್ನ ನುಡಿಯಲ್ಲಲ್ಲದೆ ಬೇರೆ ಯಾವುದರಲ್ಲಿ ಹೇಳಿಯಾಳು? ಆದುದರಿಂದ ಆಸ್ಪತ್ರೆಯ ನೀತಿಫಲಕ, ಮಾಹಿತಿಪತ್ರಗಳು ಕನ್ನಡದಲ್ಲಿಯೂ ಇರಬೇಕು; ಹೆರಿಗೆ ವಾರ್ಡಿನಲ್ಲಿ ಕನ್ನಡ ಅಥವಾ ತುಳು ಬಲ್ಲ ಸಿಬ್ಬಂದಿಯಿರಬೇಕು. ಕನ್ನಡಿಗರು ಪ್ರಧಾನವಾಗಿರುವ ಪ್ರದೇಶಗಳ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ನೀಡಿದೆ. ಯಾವುದೇ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಸಲ್ಲಿಸಲು ಸಂವಿಧಾನದ 350ನೇ ವಿಧಿಯೂ ಅವಕಾಶ ಕೊಟ್ಟಿದೆ. ಶಾಲೆ, ಕಚೇರಿಗಳಿಗಾಗಿ ಕೇಳುತ್ತ ಬಂದಿರುವ ಈ ಹಕ್ಕನ್ನು ಹೆರಿಗೆ ವಾರ್ಡಿಗಾಗಿಯೂ ಕೇಳಬೇಕು.